ಹೃದಯಾಘಾತದ ನಂತರ ಯಾರಿಗೆ ಯಾವ ಸ್ಕ್ಯಾನ್ ಬೇಕು? ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವರ ಮನೆಗಳಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ಕೆಲವರಿಗೆ ಇನ್ನು ಯಾವ ಪರೀಕ್ಷೆಯೂ ಬೇಡ; ಮಾತ್ರೆ ನುಂಗಿಕೊಂಡು ತೋಟ ನೋಡಿಕೊಂಡರೆ ಮುಗಿಯಿತು. ಇನ್ನು ಕೆಲವರಿಗೆ ಎಲ್ಲವೂ ಬೇಕು: ಎಂಆರ್‌ಐ, ಸಿಟಿ, ವರ್ಷಕ್ಕೊಂದು ಟಿಎಂಟಿ (ಓಡುಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ), ಸಾಧ್ಯವಾದರೆ ಮತ್ತೊಂದು ಆಂಜಿಯೋಗ್ರಾಂ. ಬೆಂಗಳೂರಿನಲ್ಲಿರುವ ಮಗ ಅಥವಾ ದುಬೈಯಲ್ಲಿರುವ ಅಳಿಯ ಫೋನ್ ಮಾಡಿ ‘ಫುಲ್ ಚೆಕಪ್’ ಮಾಡಿಸಿ ಎಂದುಬಿಟ್ಟರೆ ಎರಡನೆಯ ಪಕ್ಷ ಗೆದ್ದಂತೆಯೇ.

ಯಾವ ಸ್ಕ್ಯಾನ್ ಬೇಕು ಎನ್ನುವುದಕ್ಕೆ ಮೊದಲು ಕೇಳಬೇಕಾದದ್ದು ಒಂದೇ: ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ವೈದ್ಯರ ಉತ್ತರ ‘ಇದೇ ಮಾತ್ರೆ ಮುಂದುವರಿಸಿ’ ಎಂದಾದರೆ ಆ ಪರೀಕ್ಷೆ ಬೇಡ. ಈ ಪ್ರಶ್ನೆ ಎಲ್ಲ ಊರಿಗೂ ಸಲ್ಲುತ್ತದೆ, ಕೊಡಗಿಗೆ ಇನ್ನಷ್ಟು ಸಲ್ಲುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಹೋಗುವುದಾದರೆ ಸಂಪಾಜೆ ಘಾಟಿ ಇಳಿಯಬೇಕು. ಜಿಲ್ಲೆಗೆ ರೈಲಿಲ್ಲ. ಒಂದು ಸ್ಕ್ಯಾನ್ ಎಂದರೆ ಒಂದು ಇಡೀ ದಿನ, ಬಾಡಿಗೆ ಕಾರು, ಜೊತೆಗೆ ಹೋಗುವವರ ಕೂಲಿ. ಹಾಗೆಂದು ಬೇಕಾದ ಪರೀಕ್ಷೆಯನ್ನು ಖರ್ಚಿನ ನೆಪದಲ್ಲಿ ತಪ್ಪಿಸುವಂತೆಯೂ ಇಲ್ಲ.

ಎಕೋ: ಇದೊಂದಕ್ಕೆ ವಿನಾಯಿತಿ ಇಲ್ಲ

ಹೃದಯಾಘಾತವಾದ ಪ್ರತಿಯೊಬ್ಬರಿಗೂ ಎಕೋ ಬೇಕು, ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ಮೊದಲೇ ಬೇಕು. ವಯಸ್ಸು ನಲವತ್ತಾಗಲಿ ಎಂಬತ್ತಾಗಲಿ, ಆಘಾತ ‘ಚಿಕ್ಕದು’ ಎಂದು ಯಾರಾದರೂ ಹೇಳಿರಲಿ, ನಿಯಮ ಅದೇ. ಎದೆಗೆ ಜೆಲ್ ಹಚ್ಚಿ ಶಬ್ದತರಂಗಗಳಿಂದ ನೋಡುವ ಪರೀಕ್ಷೆ ಇದು. ವಿಕಿರಣವಿಲ್ಲ, ಸೂಜಿ ಇಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆಯೇ ನಿಲ್ಲುವುದರಿಂದ, ಡಿಸ್ಚಾರ್ಜ್ ಸಾರಾಂಶದಲ್ಲಿ ಎಕೋ ವಿವರ ಕಾಣದಿದ್ದರೆ ಬಿಲ್ ಕಟ್ಟುವ ಮೊದಲೇ ಕೇಳಿ.

ವರದಿ ಕೈಗೆ ಬಂದಾಗ ಏನು ನೋಡಬೇಕು? ನೀಲಿ ಪ್ಲಾಸ್ಟಿಕ್ ಕವರಿನಿಂದ ಅದನ್ನು ಹೊರತೆಗೆದು ಮೇಜಿನ ಮೇಲೆ ಹರಡಿಕೊಳ್ಳಿ. ‘ಎಲ್‌ವಿಇಎಫ್ 38%’ ಎಂಬಂಥ ಸಾಲು ಇರುತ್ತದೆ. ನಮ್ಮ ಜನ ‘ಪಂಪಿಂಗ್’ ಎನ್ನುವುದು ಇದನ್ನೇ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದ ಎಷ್ಟು ಪಾಲು ಪ್ರತಿ ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಅದನ್ನು ಶಾಲೆಯ ಅಂಕಪಟ್ಟಿಯಂತೆ ಓದಿ ಗಾಬರಿಯಾಗುವವರು ಬಹಳ. ನೂರಕ್ಕೆ ನೂರು ಯಾರಿಗೂ ಇರುವುದಿಲ್ಲ. ಸುಮಾರು 55ರಿಂದ 70ರವರೆಗೆ ಸಹಜ. 40 ಅಥವಾ ಅದಕ್ಕಿಂತ ಕಡಿಮೆ ಬಂದರೆ ವೈದ್ಯರು ಔಷಧಗಳನ್ನು ಬೇರೆ ರೀತಿಯಲ್ಲಿ ಜೋಡಿಸುತ್ತಾರೆ, ಮತ್ತೆ ಎಕೋಗೆ ದಿನ ಗೊತ್ತುಮಾಡುತ್ತಾರೆ.

‘ಆರ್‌ಡಬ್ಲ್ಯುಎಂಎ’ ಎಂದಿದ್ದರೆ ಹೃದಯದ ಗೋಡೆಯ ಒಂದು ಭಾಗ ಸರಿಯಾಗಿ ಅಲುಗುತ್ತಿಲ್ಲ ಎಂದರ್ಥ. ಪಕ್ಕದಲ್ಲೇ ಯಾವ ಭಾಗ ಎಂದೂ ಬರೆದಿರುತ್ತಾರೆ. ‘ಎಂಆರ್’ ಎಂದರೆ ಎಂಆರ್‌ಐ ಅಲ್ಲ, ಮೈಟ್ರಲ್ ಕವಾಟದ ಸೋರಿಕೆ. ಸೌಮ್ಯವಾಗಿದ್ದರೆ ಅಷ್ಟು ಚಿಂತೆ ಬೇಡ, ತೀವ್ರವಾಗಿದ್ದರೆ ಬೇಕು. ‘ನೋ ಕ್ಲಾಟ್’ ಎಂದರೆ ಹೃದಯದ ಒಳಗೆ ರಕ್ತದ ಗಡ್ಡೆ ಕಾಣಲಿಲ್ಲ. ಈ ನಾಲ್ಕು ಸಂಗತಿಗಳು ಗೊತ್ತಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರೊಡನೆ ಮಾತನಾಡುವ ದಾರಿ ತೆರೆದಂತೆ.

ಗಡ್ಡೆ ಕರಗಿಸುವ ಇಂಜೆಕ್ಷನ್ ಪಡೆದವರು

ಕೊಡಗಿನಲ್ಲಿ ಅನೇಕರ ಚಿಕಿತ್ಸೆ ಶುರುವಾಗುವುದು ಈ ಇಂಜೆಕ್ಷನ್ನಿನಿಂದ. ಇಸಿಜಿಯಲ್ಲಿ ದೊಡ್ಡ ಆಘಾತ ಕಂಡರೆ, ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ದೂರವಿದ್ದರೆ, ಟೆನೆಕ್ಟೆಪ್ಲೇಸ್‌ನಂಥ ಔಷಧವನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಡುತ್ತಾರೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಈ ಸೌಲಭ್ಯವನ್ನು ತಾಲ್ಲೂಕು ಮಟ್ಟಕ್ಕೆ ತರುವುದೇ.

ಅಡ್ಡದಾರಿ ಹಿಡಿಯುವುದು ಇಂಜೆಕ್ಷನ್ ಆದ ಮೇಲೆ. ನೋವು ಇಳಿಯುತ್ತದೆ, ಮುಖಕ್ಕೆ ಬಣ್ಣ ಬರುತ್ತದೆ. “ನೋವು ಹೋಯಿತಲ್ಲ ಡಾಕ್ಟರೇ, ಹುತ್ತರಿ ಕಳೆದ ಮೇಲೆ ಹೋಗುತ್ತೇವೆ” ಎನ್ನುತ್ತಾರೆ. ಹುತ್ತರಿ ಇಲ್ಲದಿದ್ದರೆ ಕಾಫಿ ಕುಯ್ಲು. ಇಂಜೆಕ್ಷನ್ ಗಡ್ಡೆಯನ್ನು ಕರಗಿಸುತ್ತದೆಯೇ ಹೊರತು ಅದರಡಿ ಕಿರಿದಾದ ರಕ್ತನಾಳವನ್ನು ಅಗಲ ಮಾಡುವುದಿಲ್ಲ. ಔಷಧ ಕೆಲಸ ಮಾಡಿದ್ದರೂ 2ರಿಂದ 24 ಗಂಟೆಗಳೊಳಗೆ ಆಂಜಿಯೋಗ್ರಾಂ ಆಗಬೇಕು ಎನ್ನುವುದು ಇಂದಿನ ಕ್ರಮ. ಒಂದೂವರೆ ಗಂಟೆಯೊಳಗೆ ನೋವು ತಗ್ಗದಿದ್ದರೆ ಅಥವಾ ಇಸಿಜಿ ಸುಧಾರಿಸದಿದ್ದರೆ ಕಾಯುವಂತೆಯೇ ಇಲ್ಲ, ಆಂಬುಲೆನ್ಸ್ ಹೊರಡಬೇಕು. ಈ ಆಂಜಿಯೋಗ್ರಾಂ ಅನ್ನು ‘ಸ್ಕ್ಯಾನ್’ ಪಟ್ಟಿಗೆ ಸೇರಿಸಿ ಚರ್ಚೆಗೆ ಇಡಬೇಡಿ, ಅದು ಚಿಕಿತ್ಸೆಯ ಅರ್ಧಭಾಗ.

ಹಬ್ಬ ಕಳೆದು, ವಾರಗಳಾದ ಮೇಲೆ ಬರುವವರಿಗೂ ಬಾಗಿಲು ಮುಚ್ಚಿರುವುದಿಲ್ಲ. ಆದರೆ ಆಗ ಲೆಕ್ಕ ಬೇರೆ: ಎದೆನೋವು ಉಳಿದಿದೆಯೇ, ಪಂಪಿಂಗ್ ಎಷ್ಟು, ಸತ್ತ ಭಾಗ ಎಷ್ಟು ಎಂದೆಲ್ಲ ನೋಡಿ ತೀರ್ಮಾನಿಸಬೇಕಾಗುತ್ತದೆ.

ಮೊದಲ ವಾರ: ದಿನ ಗೊತ್ತುಮಾಡದೆ ಎಕೋ ಬೇಕಾಗುವವರು

ಹೊಸದಾಗಿ ಉಸಿರುಕಟ್ಟುವುದು, ಮಲಗಲಾಗದೆ ಎದ್ದು ಕೂರುವುದು, ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯುವುದು, ಪ್ರಜ್ಞೆ ತಪ್ಪುವುದು, ನಿಂತಿದ್ದ ಎದೆನೋವು ಮರುಕಳಿಸುವುದು, ವೈದ್ಯರ ಸ್ಟೆತೊಸ್ಕೋಪಿಗೆ ಹಿಂದಿಲ್ಲದ ಮರ್ಮರ ಶಬ್ದ ಕೇಳುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ತುರ್ತು ಎಕೋ. ಸತ್ತ ಸ್ನಾಯು ಮೆತ್ತಗಾಗಿ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ಹರಿಯಬಹುದು, ಕವಾಟವನ್ನು ಎಳೆದು ಹಿಡಿಯುವ ಸ್ನಾಯು ತುಂಡಾಗಬಹುದು, ಹೊರಗೋಡೆಯೇ ಒಡೆಯಬಹುದು. ಅಪರೂಪ, ಆದರೆ ಬಂದರೆ ಹೆಚ್ಚಾಗಿ ಮೊದಲ ವಾರದಲ್ಲೇ, ಅದರಲ್ಲೂ ತಡವಾಗಿ ಆಸ್ಪತ್ರೆ ಸೇರಿದವರಲ್ಲಿ. ಎರಡು ದಿನ ‘ಗ್ಯಾಸ್’ ಎಂದು ಮನೆಯಲ್ಲಿ ಜೀರಿಗೆ ಕಷಾಯ ಕುಡಿದು ಬಂದವರ ಬಗ್ಗೆ ನಾನು ಹೆಚ್ಚು ಎಚ್ಚರ ವಹಿಸುವುದು ಇದಕ್ಕೇ. ಮನೆಗೆ ಬಂದ ಮೇಲೆ ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಆರು ವಾರಗಳ ನಂತರ ಎರಡನೇ ಎಕೋ ಯಾರಿಗೆ?

ಮೊದಲ ಎಕೋದಲ್ಲಿ ಪಂಪಿಂಗ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಖಂಡಿತ ಬೇಕು. ಆಘಾತದ ಹೊಡೆತಕ್ಕೆ ಹೃದಯದ ಸ್ನಾಯುವಿನ ಒಂದು ಪಾಲು ಸಾಯುತ್ತದೆ, ಇನ್ನೊಂದು ಪಾಲು ಬದುಕಿದ್ದೂ ಮಂಕಾಗಿ ಸುಮ್ಮನಿರುತ್ತದೆ. ಮಂಕಾದದ್ದು ಚೇತರಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಹಾಗಾಗಿ ಮೂರನೆಯ ದಿನದ 35 ಎನ್ನುವ ಅಂಕಿಯನ್ನು ಹಿಡಿದುಕೊಂಡು ‘ಇನ್ನು ಇಷ್ಟೇ’ ಎಂದು ತೋಟ ಮಾರುವ ಮಾತಾಡಬೇಡಿ.

ಎರಡನೇ ಎಕೋ ಕೇಳುವ ಪ್ರಶ್ನೆ ತೀರ ನಿರ್ದಿಷ್ಟ: ಐಸಿಡಿ ಬೇಕೇ? ಮಾರಕ ಲಯದೋಷ ಬಂದಾಗ ಒಳಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಜೀವ ಉಳಿಸುವ ಉಪಕರಣ ಅದು. ಸರಿಯಾದ ಔಷಧ ಕೊಟ್ಟ ಮೇಲೂ ಪಂಪಿಂಗ್ 35ಕ್ಕಿಂತ ಮೇಲೇರದೆ, ನಡೆದಾಡುವಾಗ ದಣಿವು, ಏದುಸಿರು ಇರುವವರಿಗೆ ಅದರ ಆಲೋಚನೆ ಬರುತ್ತದೆ. 30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲಕ್ಷಣವಿಲ್ಲದಿದ್ದರೂ ಬರುತ್ತದೆ. ಆಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಸಾಮಾನ್ಯವಾಗಿ 90 ದಿನ ಕಳೆಯದೆ ಈ ತೀರ್ಮಾನ ಮಾಡುವುದಿಲ್ಲ. ಆದ್ದರಿಂದ ಎರಡನೇ ವಾರಕ್ಕೇ ಓಡಿಹೋಗಿ ಮಾಡಿಸಿದ ಎಕೋ ಈ ಪ್ರಶ್ನೆಗೆ ಉತ್ತರ ಕೊಡದು.

ಮಳೆಗಾಲದ ಲೆಕ್ಕವನ್ನೂ ಇಟ್ಟುಕೊಳ್ಳಿ. ಜೂನ್ ತಿಂಗಳಲ್ಲಿ ಆಘಾತವಾದವರಿಗೆ ಆರನೇ ವಾರ ಬರುವುದು ಜುಲೈ ಕೊನೆಗೋ ಆಗಸ್ಟಿಗೋ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಎರಡನೇ ಎಕೋವನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬೇಕೆಂದಿಲ್ಲ. ಜಿಲ್ಲೆಯೊಳಗೆ ಅನುಭವಿ ತಜ್ಞರು ಸಿಕ್ಕರೆ ಅಲ್ಲೇ ಮಾಡಿಸಿ ವರದಿಯನ್ನು ಕಳುಹಿಸಿಕೊಡಬಹುದೇ ಎಂದು ಡಿಸ್ಚಾರ್ಜ್ ದಿನವೇ ಕೇಳಿ. ಒಂದು ಎಚ್ಚರ: ಕೈ ಬದಲಾದರೆ ಅಂಕಿಯೂ ತುಸು ಬದಲಾಗುತ್ತದೆ. 38 ಇದ್ದದ್ದು 42 ಆದರೆ ಹಬ್ಬವಲ್ಲ, 42 ಇದ್ದದ್ದು 38 ಆದರೆ ಶೋಕವಲ್ಲ. ಅಂಕಿ 35ರ ಆಸುಪಾಸಿನಲ್ಲಿ ತೂಗಾಡುತ್ತಿದ್ದು ಐಸಿಡಿಯ ತೀರ್ಮಾನ ಅದರ ಮೇಲೆಯೇ ನಿಂತಿದ್ದರೆ ಮಾತ್ರ ಹೆಚ್ಚು ನಿಖರವಾದ ಅಳತೆಗಾಗಿ ಎಂಆರ್‌ಐ ಕೇಳುವುದು ಸರಿ.

ಪಂಪಿಂಗ್ 50ರ ಮೇಲಿದ್ದು, ಸ್ಟೆಂಟ್ ಸರಿಯಾಗಿ ಕೂತು, ಏದುಸಿರಿಲ್ಲದೆ ಓಡಾಡುತ್ತಿರುವವರಿಗೆ ತಿಂಗಳಿಗೊಮ್ಮೆ ಎಕೋ ಏಕೆ? ಬೇಡ.

ಮುಂಗೋಡೆಯ ಆಘಾತ, ಒಳಗೊಂದು ಗಡ್ಡೆ

ವರದಿಯಲ್ಲಿ ‘ಆಂಟೀರಿಯರ್’ ಎಂದೋ ‘ಎಲ್‌ಎಡಿ’ ಎಂದೋ ಇದ್ದರೆ ಹೃದಯದ ಮುಂಗೋಡೆಗೆ ಪೆಟ್ಟಾಗಿದೆ. ತುದಿಯ ಭಾಗ ಅಲುಗದೆ ನಿಂತಾಗ ಅಲ್ಲಿ ರಕ್ತ ತಂಗಿ ಹೆಪ್ಪುಗಟ್ಟಬಹುದು. ಆ ಗಡ್ಡೆಯ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಇದು ಸಾಮಾನ್ಯವಾಗಿ ರೂಪುಗೊಳ್ಳುವುದು ಮೊದಲ ಎರಡು ವಾರಗಳಲ್ಲಿ. ಹಾಗಾಗಿ ಮೊದಲ ದಿನದ ಎಕೋದಲ್ಲಿ ‘ನೋ ಕ್ಲಾಟ್’ ಎಂದಿದ್ದರೂ, ದೊಡ್ಡ ಮುಂಗೋಡೆ ಆಘಾತವಾಗಿ ಪಂಪಿಂಗ್ ಕುಸಿದವರಿಗೆ ಒಂದೆರಡು ವಾರದಲ್ಲಿ ಮತ್ತೊಮ್ಮೆ ನೋಡುವುದು ಒಳ್ಳೆಯದು. ತುದಿ ಮಸುಕಾಗಿ ಕಂಡರೆ ಎಕೋ ಕಾಂಟ್ರಾಸ್ಟ್ ಕೊಟ್ಟು ನೋಡುತ್ತಾರೆ. ಅದು ಸಣ್ಣ ಗುಳ್ಳೆಗಳ ದ್ರಾವಣ; ಸಿಟಿಗೆ ಬಳಸುವ ಅಯೋಡಿನ್ ಔಷಧವಲ್ಲ, ಮೂತ್ರಪಿಂಡಕ್ಕೆ ಹೊರೆಯಿಲ್ಲ. ಆಗಲೂ ಅನುಮಾನ ಉಳಿದರೆ ಎಂಆರ್‌ಐ. ಗಡ್ಡೆ ಹಿಡಿಯುವುದರಲ್ಲಿ ಅದರಷ್ಟು ಸಮರ್ಥ ಇನ್ನೊಂದಿಲ್ಲ.

ಗಡ್ಡೆ ಸಿಕ್ಕಿದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗಳಿಗಿಂತ ಬೇರೆಯಾದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ಸೇರುತ್ತದೆ. ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಆ ಮೂರನೇ ತಿಂಗಳ ಎಕೋವನ್ನು ತಪ್ಪಿಸಿದರೆ ಎರಡು ಕಡೆಯಿಂದಲೂ ತೊಂದರೆ: ಗಡ್ಡೆ ಉಳಿದಿದ್ದರೂ ಮಾತ್ರೆ ನಿಲ್ಲಬಹುದು, ಹೋಗಿದ್ದರೂ ಮಾತ್ರೆ ಮುಂದುವರಿದು ರಕ್ತಸ್ರಾವವಾಗಬಹುದು.

ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ ಎಂದರೆ?

ಎದೆನೋವು ಬಂದಿತ್ತು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಟ್ರೋಪೋನಿನ್ ಏರಿತ್ತು, ಆಂಜಿಯೋಗ್ರಾಂ ಮಾಡಿದರೆ ನಾಳಗಳು ತೆರೆದೇ ಇವೆ. ಮನೆಯವರು ‘ಬ್ಲಾಕ್ ಇಲ್ಲವಂತೆ, ಏನೂ ಆಗಿಲ್ಲ’ ಎಂದು ನಿಟ್ಟುಸಿರಿಟ್ಟು ಹೊರಡುತ್ತಾರೆ. ಹೊರಡಬೇಡಿ. ಹೃದಯ ಎಂಆರ್‌ಐ ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಂಥವರಲ್ಲಿ. ಹೃದಯಾಘಾತ ಎಂದು ದಾಖಲಾದ ನೂರರಲ್ಲಿ ಐದಾರು ಜನ ಹೀಗಿರುತ್ತಾರೆ, ಅವರಲ್ಲಿ ಹೆಂಗಸರ ಪಾಲು ಹೆಚ್ಚು.

ಕಾರಣ ಹಲವು ಇರಬಹುದು. ವೈರಾಣು ಸೋಂಕಿನ ನಂತರ ಹೃದಯದ ಸ್ನಾಯು ಉರಿಯೂತಗೊಂಡಿರಬಹುದು. ಮನೆಯಲ್ಲಿ ಸಾವು ನೋವು ಕಂಡು ತೀವ್ರ ಆಘಾತಕ್ಕೊಳಗಾದ ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ಹೃದಯದ ತುದಿ ತಾತ್ಕಾಲಿಕವಾಗಿ ಉಬ್ಬಿ ನಿಲ್ಲುವ ಟಾಕೊಟ್ಸುಬೊ ಇರಬಹುದು. ಅಥವಾ ನಿಜವಾದ ಹೃದಯಾಘಾತವೇ ಆಗಿದ್ದು ಗಡ್ಡೆ ತಾನಾಗಿ ಕರಗಿರಬಹುದು. ಮೂರಕ್ಕೂ ಔಷಧ ಬೇರೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಎಂಆರ್‌ಐ ಚಿತ್ರದಲ್ಲಿ ಗಾಯದ ಜಾಗ ಬೆಳ್ಳಗೆ ಮೂಡುತ್ತದೆ. ಅದು ಒಳಪದರದಿಂದ ಶುರುವಾಗಿದೆಯೋ ಹೊರಪದರದಲ್ಲಿದೆಯೋ ಎಂಬುದನ್ನು ನೋಡಿ ಕಾರಣ ಗುರುತಿಸುತ್ತಾರೆ. ಎರಡು ವಾರಗಳೊಳಗೆ ಮಾಡಿಸಿದರೆ ಉತ್ತರ ಸ್ಪಷ್ಟ. ತಿಂಗಳುಗಟ್ಟಲೆ ತಡವಾದರೆ ಊತ ಇಳಿದು ಸುಳಿವು ಮಾಸಿರುತ್ತದೆ.

ಎಲ್ಲ ಎಂಆರ್‌ಐ ಕೇಂದ್ರಗಳೂ ಹೃದಯದ ಎಂಆರ್‌ಐ ಮಾಡುವುದಿಲ್ಲ. ಬೆನ್ನು ಮೂಳೆಗೆ ಮಾಡುವ ಯಂತ್ರವೇ ಇರಬಹುದು, ಆದರೆ ಬಡಿಯುತ್ತಿರುವ ಹೃದಯವನ್ನು ತೆಗೆಯಲು ತಂತ್ರಾಂಶವೂ ಓದಲು ಪಳಗಿದ ಕಣ್ಣೂ ಬೇಕು. ಸ್ಟೆಂಟ್ ಹಾಕಿದವರು ಎಂಆರ್‌ಐ ಮಾಡಿಸಬಾರದು ಎಂಬ ಮಾತು ಊರಲ್ಲಿ ಓಡಾಡುತ್ತಿದೆ, ಅದನ್ನು ನಂಬಬೇಡಿ. ಈಗಿನ ಸ್ಟೆಂಟ್‌ಗಳಿಗೆ ಎಂಆರ್‌ಐ ಸುರಕ್ಷಿತ. ಹೇಳಲೇಬೇಕಾದದ್ದು ಬೇರೆ: ಪೇಸ್‌ಮೇಕರ್, ಮೂತ್ರಪಿಂಡದ ತೊಂದರೆ, ಕಣ್ಣಿಗೆ ಹಾರಿದ ಕಬ್ಬಿಣದ ಚೂರು. ಕೋವಿ ಇರುವ ಮನೆಗಳು ನಮ್ಮಲ್ಲಿ ಹೆಚ್ಚಾದ್ದರಿಂದ ಇನ್ನೊಂದು ಮಾತು: ಎಂದೋ ತಗುಲಿದ ಗುಂಡಿನ ಚೂರು ಮೈಯಲ್ಲಿ ಉಳಿದಿದ್ದರೆ, ಅದು ಐವತ್ತು ವರ್ಷದ ಹಿಂದಿನ ಶಿಕಾರಿ ಕತೆಯಾದರೂ ನಾಚಿಕೆಯಿಲ್ಲದೆ ತಂತ್ರಜ್ಞರಿಗೆ ತಿಳಿಸಿ.

ಒತ್ತಡದ ಪರೀಕ್ಷೆ, ಮತ್ತು ಕಾಫಿಯ ಕಷ್ಟ

ಹೃದಯಕ್ಕೆ ಶ್ರಮ ಕೊಟ್ಟು ರಕ್ತ ಸಾಲುತ್ತಿದೆಯೇ ಎಂದು ನೋಡುವ ಪರೀಕ್ಷೆಗಳು ಇವು: ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್, ಸ್ಟ್ರೆಸ್ ಎಂಆರ್‌ಐ. ಬೇಕಾಗುವುದು ಮುಖ್ಯವಾಗಿ ಎರಡು ಗುಂಪಿಗೆ. ಸ್ಟೆಂಟ್ ಆದ ಮೇಲೆ ಮತ್ತೆ ಲಕ್ಷಣ ಕಾಣಿಸಿಕೊಂಡವರು ಒಂದು ಗುಂಪು. ನಮ್ಮ ಊರಿನ ಇಳಿಜಾರು ಇದನ್ನು ಬೇಗ ಹೊರಹಾಕುತ್ತದೆ: ಹಿಂದಿನ ತಿಂಗಳು ಕಣದಿಂದ ಮನೆಯವರೆಗಿನ ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ನಡುವೆ ನಿಂತು ಮೆಣಸಿನ ಬಳ್ಳಿ ನೋಡುವವರಂತೆ ನಟಿಸುತ್ತಿದ್ದರೆ ಮನೆಯವರು ಗಮನಿಸಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಲ್ಲದೆ ಬರೀ ಏದುಸಿರೇ ಲಕ್ಷಣವಾಗಿರಬಹುದು. ಇನ್ನೊಂದು ಗುಂಪು, ಮುಖ್ಯ ನಾಳಕ್ಕೆ ಸ್ಟೆಂಟ್ ಹಾಕಿ ಬೇರೆ ನಾಳದ ಮಧ್ಯಮ ಬ್ಲಾಕನ್ನು ‘ನೋಡೋಣ’ ಎಂದು ಬಿಟ್ಟವರು. ಬಿಟ್ಟ ಬ್ಲಾಕ್ ದೊಡ್ಡದೇ ಆಗಿದ್ದರೆ ಮತ್ತೆ ಸ್ಕ್ಯಾನ್ ಮಾಡುತ್ತಾ ಕೂರದೆ ಕೆಲವು ವಾರಗಳಲ್ಲಿ ಅದಕ್ಕೂ ಸ್ಟೆಂಟ್ ಹಾಕುವುದು ಹೆಚ್ಚಿನವರಿಗೆ ಒಳಿತು ಎಂದು 2019ರ ಕಂಪ್ಲೀಟ್ ಅಧ್ಯಯನ ತೋರಿಸಿತು. ನಡುವೆ ತೂಗಾಡುವ ಬ್ಲಾಕಿಗೆ ಮಾತ್ರ ಪರೀಕ್ಷೆ ಬೇಕು.

ಇಸಿಜಿ ಸಹಜವಾಗಿದ್ದು ಚೆನ್ನಾಗಿ ನಡೆಯಬಲ್ಲ ಕೆಲವರಿಗೆ ಸಾದಾ ಟಿಎಂಟಿ ಸಾಕಾಗಬಹುದು. ಎಡ ಬಂಡಲ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ವಿದ್ಯುತ್ ದಾರಿಯ ತಡೆ) ಅಥವಾ ಪೇಸ್‌ಮೇಕರ್ ಇದ್ದರೆ ಟಿಎಂಟಿಯ ಇಸಿಜಿ ಓದಲಾಗದು, ಆಗ ಚಿತ್ರ ಬೇಕೇ ಬೇಕು. ಮಂಡಿನೋವಿನಿಂದ ನಡೆಯಲಾಗದವರಿಗೆ ಔಷಧದಿಂದ ಶ್ರಮ ಕೊಡುತ್ತಾರೆ.

ಆ ಔಷಧ ಅಡಿನೋಸಿನ್ ಆಗಿದ್ದರೆ ಕೊಡಗಿನವರಿಗೆ ಕಠಿಣ ವ್ರತ ಕಾದಿದೆ: ಪರೀಕ್ಷೆಗೆ ಮುಂಚೆ 24 ಗಂಟೆ ಕಾಫಿ ಕುಡಿಯುವಂತಿಲ್ಲ. ಕೆಫೀನ್ ಅಡಿನೋಸಿನ್ ಕೂರಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ. ಔಷಧ ಕೆಲಸ ಮಾಡದೆ ಬ್ಲಾಕ್ ಇದ್ದರೂ ಚಿತ್ರ ಚೆನ್ನಾಗಿಯೇ ಕಾಣಬಹುದು. ಬೆಲ್ಲದ ಕರಿಕಾಫಿಯೂ ಕಾಫಿಯೇ, ಚಹಾವೂ ಸಲ್ಲದು, ಕುಶಾಲನಗರದಲ್ಲಿ ಕಾರು ನಿಲ್ಲಿಸಿದಾಗಿನ ಅರ್ಧ ಲೋಟವೂ ಸಲ್ಲದು, ಕೋಲಾ, ಚಾಕೊಲೇಟ್ ಕೂಡ. ಕುಡಿದುಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ದಿನ ಮುಂದೆ ಹಾಕುವುದು ಸುಳ್ಳು ವರದಿಗಿಂತ ಮೇಲು. ಅಸ್ತಮಾ ಇದ್ದರೆ ಅಡಿನೋಸಿನ್ ಬದಲು ಡೊಬುಟಮಿನ್ ಆರಿಸುತ್ತಾರೆ, ಅದನ್ನೂ ಮೊದಲೇ ತಿಳಿಸಿ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ನಿಲ್ಲಿಸಬೇಕೋ ಬೇಡವೋ ಎಂದು ಕೇಳಿಯೇ ತೀರ್ಮಾನಿಸಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗಳನ್ನು ಸ್ಕ್ಯಾನ್ ಇದೆ ಎಂದು ಬಿಡಬೇಡಿ. ಹೀಗೆ ಬಿಟ್ಟರೆ ಹೊಸ ಸ್ಟೆಂಟ್ ಮುಚ್ಚಿಹೋಗಬಹುದು.

ಜೀವ ಇದೆಯೇ ಎಂದು ನೋಡುವ ಸ್ಕ್ಯಾನ್

ಪೆಟ್ (ಜೀವಕೋಶಗಳ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಥವಾ ಎಂಆರ್‌ಐ ಮಾಡಿ, ಅಲುಗದ ಭಾಗದಲ್ಲಿ ಜೀವವಿದ್ದರೆ ಸ್ಟೆಂಟ್ ಹಾಕೋಣ ಎನ್ನುವ ಯೋಚನೆ ಕೇಳಲು ಸಮಂಜಸವಾಗಿದೆ. ಆದರೆ ಪಂಪಿಂಗ್ ತೀರ ಕಡಿಮೆಯಿದ್ದು, ಅಲುಗದ ಭಾಗದಲ್ಲಿ ಜೀವವೂ ಇದ್ದ 700 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ರಿವೈವ್ಡ್ ಅಧ್ಯಯನದಲ್ಲಿ ಒಳ್ಳೆಯ ಔಷಧದ ಜೊತೆ ಸ್ಟೆಂಟ್ ಸೇರಿಸಿದ್ದರಿಂದ ಸಾವಾಗಲಿ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಅವರು ಹೊಸದಾಗಿ ಆಘಾತವಾದವರಲ್ಲ, ನಿಜ. ಆದರೂ ಈಗ ಈ ಸ್ಕ್ಯಾನ್ ಎಲ್ಲರಿಗಲ್ಲ. ಬೈಪಾಸ್ ಮಾಡಬೇಕೋ ಬೇಡವೋ ಎಂದು ಶಸ್ತ್ರವೈದ್ಯರೇ ಹಿಂದೆಮುಂದೆ ನೋಡುತ್ತಿರುವಾಗ ಮಾತ್ರ ಅದಕ್ಕೆ ಒಂದು ಜಾಗವಿದೆ ಎನ್ನುವುದು ನನ್ನ ಅಭಿಪ್ರಾಯ.

ಬೇಡ ಎಂದು ಧೈರ್ಯವಾಗಿ ಹೇಳಬಹುದಾದವು

ಲಕ್ಷಣವಿಲ್ಲದೆ ಆರಾಮವಾಗಿರುವವರಿಗೆ ‘ವಾರ್ಷಿಕ’ ಒತ್ತಡದ ಪರೀಕ್ಷೆ ಬೇಡ. 2022ರಲ್ಲಿ ಪ್ರಕಟವಾದ ಕೊರಿಯಾದ ಪೋಸ್ಟ್-ಪಿಸಿಐ ಅಧ್ಯಯನದಲ್ಲಿ, ಅಪಾಯ ಹೆಚ್ಚಿದ್ದ ಸ್ಟೆಂಟ್ ರೋಗಿಗಳಿಗೇ ವರ್ಷದ ನಂತರ ಕಡ್ಡಾಯವಾಗಿ ಪರೀಕ್ಷೆ ಮಾಡಿ ನೋಡಿದರು. ಎರಡು ವರ್ಷಗಳಲ್ಲಿ ಪರೀಕ್ಷೆ ಮಾಡಿಸಿದವರಿಗೂ ಮಾಡಿಸದವರಿಗೂ ಸಾವು, ಹೃದಯಾಘಾತಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ‘ಸುಮ್ಮನೆ ಒಮ್ಮೆ’ ಎಂಬ ಸಿಟಿ ಆಂಜಿಯೋ ಕೂಡ ಬೇಡ. ಸಣ್ಣ ಸ್ಟೆಂಟ್‌ಗಳ ಒಳಗೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ವಿಕಿರಣ, ಅಯೋಡಿನ್ ಔಷಧಗಳ ಹೊರೆ ಬೇರೆ. ಪ್ಯಾಕೇಜಿನಲ್ಲಿ ಉಚಿತವಾಗಿ ಸೇರಿಸಿದ್ದಾರೆ ಎಂಬುದು ಪರೀಕ್ಷೆಗೆ ಕಾರಣವಾಗದು. ಹಾಸಿಗೆ ಹಿಡಿದ ತೊಂಬತ್ತರ ಅಜ್ಜನಿಗೆ ಐಸಿಡಿ ಹಾಕಿಸುವ ಉದ್ದೇಶ ಮನೆಯವರಿಗೂ ಇಲ್ಲ, ಅಜ್ಜನಿಗೂ ಇಲ್ಲ ಎಂದಾದರೆ ಅದಕ್ಕಾಗಿ ಆರನೇ ವಾರದ ಎಕೋಗೆ ಕಾರು ಮಾಡುವ ಅಗತ್ಯವಿಲ್ಲ. ಔಷಧ ಸರಿಪಡಿಸಲು ಅದು ಬೇಕೇ ಎಂದಷ್ಟೇ ಕೇಳಿ.

ಹೊರಡುವ ಮುನ್ನ

ಆಂಜಿಯೋಗ್ರಾಂ ಸಿಡಿಯನ್ನು ಕಾಗದಗಳ ಜೊತೆಯಲ್ಲೇ ಇಡಿ. ವರದಿ ಮಾತ್ರ ಒಯ್ದರೆ ಇನ್ನೊಬ್ಬ ವೈದ್ಯರು ನಾಳವನ್ನು ಕಣ್ಣಾರೆ ನೋಡಲಾಗದು. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಇತ್ತೀಚಿನ ವರದಿ ಇರಲಿ. ಮೂತ್ರಪಿಂಡ ದುರ್ಬಲವಾಗಿದ್ದು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅಯೋಡಿನ್ ಔಷಧ ಕೊಡುವ ಪರೀಕ್ಷೆಗೆ ಮುಂಚೆ ತಿಳಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಈ ಪರೀಕ್ಷೆ ಅದರಡಿ ಬರುತ್ತದೆಯೇ, ಶಿಫಾರಸು ಪತ್ರ ಬೇಕೇ ಎಂದು ಮೊದಲೇ ವಿಚಾರಿಸಿ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಕಾರ್ಡು ಎಷ್ಟೋ ಬಾರಿ ಬೇರೆ ಊರಿನ ವಿಳಾಸದಲ್ಲಿರುತ್ತದೆ, ಅಂಥ ಕಡೆ ತೋಟದ ರೈಟರ್ ಒಂದು ಫೋನ್ ಮಾಡಿದರೆ ಒಂದು ದಿನದ ಅಲೆದಾಟ ಉಳಿಯುತ್ತದೆ. ವೈದ್ಯರು ಬರೆದ ಚೀಟಿಯಲ್ಲಿ ಪರೀಕ್ಷೆಯ ಹೆಸರಿನ ಜೊತೆಗೆ ಕಾರಣವೂ ಇರಲಿ: ‘ಗಡ್ಡೆ ಇದೆಯೇ’, ‘ಪಂಪಿಂಗ್ 35ಕ್ಕಿಂತ ಕಡಿಮೆಯೇ’ ಎಂದು. ಕಾರಣ ತಿಳಿದ ತಂತ್ರಜ್ಞರು ಆ ಜಾಗವನ್ನೇ ಹುಡುಕಿ ನೋಡುತ್ತಾರೆ. ಹಿಂದಿನ ಸಂಜೆ ಸ್ಕ್ಯಾನ್ ಕೇಂದ್ರಕ್ಕೆ ಕರೆ ಮಾಡಿ, ಯಂತ್ರ ಸರಿಯಿದೆಯೇ, ಓದುವ ತಜ್ಞರು ನಾಳೆ ಬರುತ್ತಾರೆಯೇ, ಎಷ್ಟು ಹೊತ್ತು ಉಪವಾಸ ಎಂಬುದನ್ನು ಕೇಳಿಕೊಂಡೇ ಕಾರಿಗೆ ಹೇಳಿ.